ಮನೆಯ ಲೇತ್ ಯಂತ್ರಕ್ಕೆ ಮಿತವ್ಯಯದ ಕತ್ತರಿಸುವ ಉಪಕರಣಗಳ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು ಮತ್ತು ರಾಮದುರ್ಗ ತಾಲ್ಲೂಕುಗಳು ಮುಖ್ಯವಾಗಿ ಕೃಷಿ ಪ್ರಧಾನ ಪ್ರದೇಶಗಳಾಗಿವೆ. ಟ್ರ್ಯಾಕ್ಟರ್ ಟ್ರೇಲರ್‌ಗಳ ಪಿನ್ನು ಮತ್ತು ಬುಷ್‌ಗಳು, ನೀರೆತ್ತುವ ಪಂಪಿನ ಶಾಫ್ಟ್‌ಗಳು, ಕಬ್ಬಿನ ಗಾಣದ ಉರುಳೆಗಳು, ಹಿಟ್ಟಿನ ಗಿರಣಿಯ ಅಚ್ಚುಗಳು ಇವೇ ಮೊದಲಾದ ಭಾಗಗಳು ಸವೆದಾಗ ಅಥವಾ ಮುರಿದಾಗ ಅವುಗಳನ್ನು ಸ್ಥಳೀಯವಾಗಿಯೇ ದುರಸ್ತಿಗೊಳಿಸುವ ಅಗತ್ಯ ರೈತರಿಗೆ ಪದೇ ಪದೇ ಒದಗುತ್ತದೆ. ಈ ಕಾರಣದಿಂದ ಮನೆಯಲ್ಲಿಯೇ ಅಥವಾ ಮನೆಗೆ ಹೊಂದಿದ ಶೆಡ್ಡಿನಲ್ಲಿ ಒಂದು ಚಿಕ್ಕ ಲೇತ್ ಯಂತ್ರವನ್ನು ಸ್ಥಾಪಿಸಿ ಸ್ವಯಂ ಉದ್ಯೋಗ ಕೈಗೊಳ್ಳಲು ಬಯಸುವವರಿಗೆ ಗ್ರಾಮಗಳಲ್ಲಿ ಅವಕಾಶವಿದೆ.

ಸವದತ್ತಿಯಿಂದ ಸುಮಾರು 9 ಕಿ.ಮೀ. ದೂರದಲ್ಲಿರುವ ಹೂಲಿ ಗ್ರಾಮವು ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ದೇವಾಲಯಕ್ಕೆ ಹೆಸರಾಗಿದೆ. ಆ ಕಾಲದ ದೇವಾಲಯಗಳಲ್ಲಿ ಕಂಡುಬರುವ ನುಣುಪಾದ, ಉಂಗುರ ಉಂಗುರವಾದ ಕಂಬಗಳನ್ನು ಕಲ್ಲನ್ನು ತಿರುಗಿಸಿ ಕಡೆದು ರೂಪಿಸಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ವಸ್ತುವನ್ನು ತಿರುಗಿಸಿ, ಅದಕ್ಕೆ ಹರಿತವಾದ ಅಲಗನ್ನು ಒಡ್ಡಿ ಕಡೆಯುವ ತತ್ವವೇ ಇಂದಿನ ಲೇತ್ ಯಂತ್ರದ ತತ್ವವೂ ಆಗಿದೆ. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಲೋಹವನ್ನು ಮುಟ್ಟುವುದು ಅಲಗಿನ ತುದಿ ಮಾತ್ರ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಯಂತ್ರಕ್ಕೆ ಸಾಲ ಪಡೆದವರು ಕತ್ತರಿಸುವ ಉಪಕರಣಗಳಿಗೆ (ಮುಂದೆ ಇವುಗಳನ್ನು ಟೂಲ್ ಎಂದು ಕರೆಯಲಾಗಿದೆ) ಪ್ರತ್ಯೇಕ ಹಣ ತೆಗೆದಿರಿಸದಿದ್ದಲ್ಲಿ, ಅಥವಾ ತಮ್ಮ ಯಂತ್ರಕ್ಕೆ ಹೊಂದದ ದುಬಾರಿ ಟೂಲ್‌ಗಳನ್ನು ಕೊಂಡಲ್ಲಿ, ಯಂತ್ರವಿದ್ದೂ ಕೆಲಸ ಸಾಗದ ಸ್ಥಿತಿ ಉಂಟಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ದರಪಟ್ಟಿ ಪಡೆಯುವ ಮೊದಲೇ ಓದಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದರಲ್ಲಿ ಯಾವುದೇ ಕಂಪನಿಯ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ.

2. ಖರೀದಿಗೆ ಮುನ್ನ ತಿಳಿಯಬೇಕಾದ ಮೂರು ಸಂಗತಿಗಳು

(ಅ) ಕೆಲಸ: ಮುಂದಿನ ಆರು ತಿಂಗಳಲ್ಲಿ ಬರಬಹುದಾದ ಕೆಲಸಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಯಾವ ಲೋಹ, ಎಷ್ಟು ವ್ಯಾಸ, ಹೊರಮೈ ಕೆಲಸವೇ, ರಂಧ್ರದ ಕೆಲಸವೇ, ಮರೆ ಕೊರೆಯುವುದೇ ಎಂಬುದನ್ನು ಗುರುತಿಸಬೇಕು. ಈ ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಟೂಲ್ ಕೊಳ್ಳುವ ಅಗತ್ಯವಿಲ್ಲ.

(ಆ) ವೇಗ: ಪ್ರತಿಯೊಂದು ಟೂಲ್‌ಗೂ ಅದು ಸರಿಯಾಗಿ ಕತ್ತರಿಸುವ ವೇಗವೊಂದಿದೆ. ಇದನ್ನು ನಿಮಿಷಕ್ಕೆ ಇಷ್ಟು ಮೀಟರ್ ಎಂದು ಅಳೆಯಲಾಗುತ್ತದೆ. ಕೆಲಸದ ವ್ಯಾಸವನ್ನು ಮಿ.ಮೀ.ಗಳಲ್ಲಿ ತೆಗೆದುಕೊಂಡು 3.14ರಿಂದಲೂ, ನಿಮಿಷದ ಸುತ್ತುಗಳಿಂದಲೂ ಗುಣಿಸಿ, 1000ದಿಂದ ಭಾಗಿಸಿದರೆ ಈ ವೇಗ ದೊರೆಯುತ್ತದೆ. ಸಾದಾ ಉಕ್ಕಿಗೆ ಹೈಸ್ಪೀಡ್ ಸ್ಟೀಲ್ ಟೂಲ್ ಬಳಸುವಾಗ ಈ ವೇಗ 25ರಿಂದ 30 ಮೀಟರ್ ಇದ್ದರೆ ಸಾಕು. ಕಾರ್ಬೈಡ್ ಟೂಲ್ ಉತ್ತಮವಾಗಿ ಕೆಲಸ ಮಾಡಲು ಸಾಮಾನ್ಯವಾಗಿ 80 ಮೀಟರ್‌ಗಿಂತ ಹೆಚ್ಚಿನ ವೇಗ ಬೇಕು.

ಉದಾಹರಣೆಗೆ, ಬೆಲ್ಟಿನಿಂದ ನಡೆಯುವ ಹಳೆಯ ಲೇತ್ ಯಂತ್ರದ ಗರಿಷ್ಠ ವೇಗ ನಿಮಿಷಕ್ಕೆ 600 ಸುತ್ತು ಇದೆಯೆಂದು ಭಾವಿಸಿರಿ. 25 ಮಿ.ಮೀ. ವ್ಯಾಸದ ಪಿನ್ನು ಕಡೆಯುವಾಗ ದೊರೆಯುವ ವೇಗ ಸುಮಾರು 47 ಮೀಟರ್. 10 ಮಿ.ಮೀ. ವ್ಯಾಸದ ಸರಳಿಗೆ ಅದು 19 ಮೀಟರ್ ಮಾತ್ರ. ಅಂದರೆ ಈ ಎರಡೂ ಕೆಲಸಗಳಲ್ಲಿ ಕಾರ್ಬೈಡಿಗೆ ಬೇಕಾದ ವೇಗವನ್ನು ಯಂತ್ರ ನೀಡಲಾರದು. ಅದೇ ಯಂತ್ರದಲ್ಲಿ 75 ಮಿ.ಮೀ. ವ್ಯಾಸದ ಉರುಳೆಯನ್ನು 400 ಸುತ್ತಿನಲ್ಲಿ ತಿರುಗಿಸಿದರೆ ವೇಗ 94 ಮೀಟರ್ ಆಗುತ್ತದೆ. ಇಲ್ಲಿ ಕಾರ್ಬೈಡ್ ಉಪಯುಕ್ತ.

(ಇ) ಶಕ್ತಿ: ಮೋಟಾರಿನ ಸಾಮರ್ಥ್ಯವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಸಾದಾ ಉಕ್ಕಿನಲ್ಲಿ 1 ಮಿ.ಮೀ. ಆಳ, ಸುತ್ತಿಗೆ 0.1 ಮಿ.ಮೀ. ಮುನ್ನಡೆ, 25 ಮೀಟರ್ ವೇಗದಲ್ಲಿ ಕಡೆಯಲು ಅಂದಾಜು 0.08 ಕಿಲೋವ್ಯಾಟ್ ಶಕ್ತಿ ಸಾಕಾಗುತ್ತದೆ. 2 ಮಿ.ಮೀ. ಆಳ, 0.2 ಮಿ.ಮೀ. ಮುನ್ನಡೆ, 100 ಮೀಟರ್ ವೇಗದಲ್ಲಿ ಕಡೆಯಲು ಸುಮಾರು 1.3 ಕಿಲೋವ್ಯಾಟ್ ಬೇಕು. ಒಂದು ಅಶ್ವಶಕ್ತಿಯ ಮೋಟಾರು ನೀಡುವುದು 0.75 ಕಿಲೋವ್ಯಾಟ್ ಮಾತ್ರ. ಆದ್ದರಿಂದ ಕಾರ್ಖಾನೆಯ ಭಾರೀ ಯಂತ್ರಕ್ಕೆಂದು ತಯಾರಾದ ಟೂಲ್ ಮನೆಯ ಯಂತ್ರದಲ್ಲಿ ಅದೇ ಫಲವನ್ನು ನೀಡುವುದಿಲ್ಲ. ಮೋಟಾರು ಏದುತ್ತದೆ, ಬೆಲ್ಟು ಜಾರುತ್ತದೆ, ಅಲಗಿನ ತುದಿ ಚೂರಾಗುತ್ತದೆ.

3. ಟೂಲ್‌ಗಳ ವಿಧಗಳು

(ಅ) ಹೈಸ್ಪೀಡ್ ಸ್ಟೀಲ್: 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬುವರು ಇದನ್ನು ಪ್ರದರ್ಶಿಸಿದರು. ಸಾಮಾನ್ಯ ಇಂಗಾಲದ ಉಕ್ಕು 200ರಿಂದ 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನ ಗಡಸುತನ ಕಳೆದುಕೊಂಡರೆ, ಇದು ಸುಮಾರು 600 ಡಿಗ್ರಿವರೆಗೂ ಉಳಿಸಿಕೊಳ್ಳುತ್ತದೆ. ಚೌಕಾಕಾರದ ಕಡ್ಡಿಯ ರೂಪದಲ್ಲಿ ದೊರೆಯುತ್ತದೆ. ಬೇಕಾದ ಆಕಾರಕ್ಕೆ ಮನೆಯಲ್ಲಿಯೇ ಸಾಣೆ ಹಿಡಿಯಬಹುದು. ಸಾಮಾನ್ಯ ಕೆಲಸಕ್ಕೆ ಎಂ2 ದರ್ಜೆ ಸಾಕು. ಶೇ. 5 ಕೋಬಾಲ್ಟ್ ಇರುವ ಎಂ35 ಮತ್ತು ಶೇ. 8 ಕೋಬಾಲ್ಟ್ ಇರುವ ಎಂ42 ದರ್ಜೆಗಳು ಗಟ್ಟಿ ಉಕ್ಕಿಗೆ ಹಾಗೂ ಸ್ಟೇನ್‌ಲೆಸ್ ಶಾಫ್ಟ್‌ಗಳಿಗೆ ಹೆಚ್ಚು ಬಾಳಿಕೆ ಬರುತ್ತವೆ. ಬೆಲೆಯೂ ಹೆಚ್ಚು.

(ಆ) ಬೆಸುಗೆ ಹಾಕಿದ ಕಾರ್ಬೈಡ್ ಟೂಲ್: ಸಾದಾ ಉಕ್ಕಿನ ಹಿಡಿಕೆಯ ತುದಿಗೆ ಕಾರ್ಬೈಡಿನ ಚಿಕ್ಕ ತುಂಡನ್ನು ಹಿತ್ತಾಳೆ ಬೆಸುಗೆಯಿಂದ ಕೂಡಿಸಿರುತ್ತಾರೆ. ನಮ್ಮ ಕಡೆಯ ಕಾರ್ಯಾಗಾರಗಳಲ್ಲಿ ಇದನ್ನು ವಿಡಿಯಾ ಟೂಲ್ ಎಂದೇ ಕರೆಯುವುದು ರೂಢಿ. 1926ರಲ್ಲಿ ಜರ್ಮನಿಯ ಕ್ರುಪ್ ಕಂಪನಿ ಹೊರತಂದ ಕಾರ್ಬೈಡಿಗೆ ಇಟ್ಟ ಹೆಸರು ಅದು. ವಜ್ರದಂತೆ ಎಂಬ ಅರ್ಥದ ಜರ್ಮನ್ ಪದಗಳಿಂದ ಬಂದಿದೆ. ಕಡಿಮೆ ಬೆಲೆಗೆ ದೊರೆಯುವ ಕಾರ್ಬೈಡ್ ಟೂಲ್ ಇದೇ ಆಗಿದ್ದು, ಮೊಂಡಾದಾಗ ಹಸಿರು ಸಾಣೆಕಲ್ಲಿನಲ್ಲಿ ಅಥವಾ ವಜ್ರದ ಚಕ್ರದಲ್ಲಿ ಮತ್ತೆ ಹರಿತಗೊಳಿಸಬಹುದು.

(ಇ) ಬದಲಾಯಿಸುವ ಇನ್ಸರ್ಟ್: ಹಿಡಿಕೆಗೆ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಬಿಲ್ಲೆಗಳಿವು. ಒಂದು ಮೂಲೆ ಮೊಂಡಾದಾಗ ತಿರುಗಿಸಿ ಇನ್ನೊಂದನ್ನು ಬಳಸಲಾಗುತ್ತದೆ. ಸಾಣೆಯ ಅಗತ್ಯವಿಲ್ಲ. ಚಿಕ್ಕ ಯಂತ್ರಕ್ಕೆ ಸಿಸಿಎಂಟಿ 060204 ಮಾದರಿಯಂತಹ, ಕೆಳಮುಖವಾಗಿ ಇಳಿಜಾರಿರುವ ಬಿಲ್ಲೆಗಳು ಹೊಂದುತ್ತವೆ. ಕೊನೆಯ 04 ಎಂಬುದು ತುದಿಯ ದುಂಡು 0.4 ಮಿ.ಮೀ. ಎಂಬುದನ್ನು ಸೂಚಿಸುತ್ತದೆ. 08 ಎಂದಿದ್ದರೆ 0.8 ಮಿ.ಮೀ. ಎಂದರ್ಥ. ಶಕ್ತಿ ಕಡಿಮೆಯಿರುವ ಯಂತ್ರದಲ್ಲಿ ದೊಡ್ಡ ದುಂಡಿನ ತುದಿ ನಡುಕ ಉಂಟುಮಾಡುತ್ತದೆ. ಸಿಎನ್‌ಎಂಜಿ ಮಾದರಿಯ ಬಿಲ್ಲೆಗೆ ನಾಲ್ಕು ಮೂಲೆಗಳು ದೊರೆತು ಲಾಭವೆನಿಸಿದರೂ ಅದಕ್ಕೆ ಗಟ್ಟಿಯಾದ ಯಂತ್ರ ಮತ್ತು ಹೆಚ್ಚಿನ ಶಕ್ತಿ ಬೇಕಾಗುತ್ತದೆ.

ಕಾರ್ಬೈಡ್ ಪೊಟ್ಟಣದ ಮೇಲಿನ ಅಕ್ಷರ ಮತ್ತು ಬಣ್ಣವನ್ನು ಓದಲು ಕಲಿಯಬೇಕು. ಅಂತಾರಾಷ್ಟ್ರೀಯ ಮಾನಕದಂತೆ ನೀಲಿ ಬಣ್ಣದ ಪಿ ವರ್ಗ ಉಕ್ಕಿಗೆ, ಹಳದಿಯ ಎಂ ವರ್ಗ ಸ್ಟೇನ್‌ಲೆಸ್ ಸ್ಟೀಲಿಗೆ, ಕೆಂಪಿನ ಕೆ ವರ್ಗ ಎರಕದ ಕಬ್ಬಿಣಕ್ಕೆ, ಹಸಿರಿನ ಎನ್ ವರ್ಗ ಅಲ್ಯೂಮಿನಿಯಂ ಮತ್ತು ಹಿತ್ತಾಳೆಯಂತಹ ಲೋಹಗಳಿಗೆ ಮೀಸಲು.

4. ಕೆಲಸಕ್ಕೆ ತಕ್ಕ ಟೂಲ್

- ಸಾದಾ ಉಕ್ಕಿನ ಪಿನ್ನು, ಬೋಲ್ಟು, ಬುಷ್: ಎಂ2 ದರ್ಜೆಯ ಹೈಸ್ಪೀಡ್ ಸ್ಟೀಲ್.
- ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿ ಮತ್ತೆ ಅಳತೆಗೆ ತರುವುದು: ವೆಲ್ಡಿಂಗ್ ಆದ ಮೈ ಏರುತಗ್ಗಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಹೈಸ್ಪೀಡ್ ಸ್ಟೀಲ್ ಬೇಗ ಮೊಂಡಾಗುತ್ತದೆ. ಬೆಸುಗೆಯ ಕಾರ್ಬೈಡ್, ಪಿ30 ದರ್ಜೆ, ಸೂಕ್ತ.
- ಎರಕದ ಕಬ್ಬಿಣದ ರಾಟೆ, ಉರುಳೆ: ಕೆ20 ದರ್ಜೆಯ ಬೆಸುಗೆ ಕಾರ್ಬೈಡ್. ಎರಕದ ಹೊರಚರ್ಮದಲ್ಲಿ ಮರಳು ಅಂಟಿರುವುದರಿಂದ ಮೊದಲ ಸುತ್ತಿನಲ್ಲಿಯೇ ಚರ್ಮದ ಕೆಳಗೆ ತಲುಪುವಷ್ಟು ಆಳ ಕೊಡಬೇಕು. ಮೇಲೆ ಮೇಲೆ ಕೆರೆದರೆ ಯಾವ ಅಲಗೂ ಉಳಿಯದು.
- ಹಿತ್ತಾಳೆ, ಗನ್‌ಮೆಟಲ್ ಬುಷ್: ಮೇಲ್ಮೈ ಇಳಿಜಾರಿಲ್ಲದೆ ಸಮತಟ್ಟಾಗಿ ಸಾಣೆ ಹಿಡಿದ ಹೈಸ್ಪೀಡ್ ಸ್ಟೀಲ್. ಇಳಿಜಾರು ಹೆಚ್ಚಿದ್ದರೆ ಟೂಲ್ ಲೋಹವನ್ನು ಕಚ್ಚಿ ಒಳಗೆಳೆದುಕೊಳ್ಳುತ್ತದೆ.
- ಮರೆ ಕೊರೆಯುವುದು: ಹೈಸ್ಪೀಡ್ ಸ್ಟೀಲ್ ಕಡ್ಡಿಯನ್ನು ಮೆಟ್ರಿಕ್ ಮರೆಗೆ 60 ಡಿಗ್ರಿ, ವಿಟ್‌ವರ್ತ್ ಮರೆ ಹಾಗೂ ನೀರಿನ ಪೈಪಿನ ಮರೆಗೆ 55 ಡಿಗ್ರಿ ಕೋನಕ್ಕೆ ಸಾಣೆ ಹಿಡಿಯಬೇಕು. ಹಳೆಯ ಕೃಷಿ ಯಂತ್ರಗಳ ದುರಸ್ತಿಯಲ್ಲಿ ಎರಡೂ ಬರುತ್ತವೆ.
- ತುಂಡರಿಸುವುದು: ತೆಳುವಾದ ಹೈಸ್ಪೀಡ್ ಸ್ಟೀಲ್ ಅಲಗು ಮತ್ತು ಅದರ ಹಿಡಿಕೆ. ವೇಗ ಅರ್ಧಕ್ಕೆ ಇಳಿಸಿ ಎಣ್ಣೆ ಬಳಸಬೇಕು.

5. ಆರಂಭದ ಪಟ್ಟಿ

ಹೊಸದಾಗಿ ಆರಂಭಿಸುವವರಿಗೆ ಕೆಳಕಂಡ ಸಾಮಗ್ರಿ ಸಾಕಾಗುತ್ತದೆ.

(1) 10 ಮಿ.ಮೀ. ಚೌಕದ ಹೈಸ್ಪೀಡ್ ಸ್ಟೀಲ್ ಕಡ್ಡಿ: 4. ಹೊರಮೈಗೆ, ಮುಖ ಸಮ ಮಾಡಲು, ಮರೆಗೆ ಮತ್ತು ಅಂಚು ತೆಗೆಯಲು ತಲಾ ಒಂದು.
(2) ತುಂಡರಿಸುವ ಅಲಗು ಮತ್ತು ಹಿಡಿಕೆ: 1.
(3) ಚಿಕ್ಕ ಕಡ್ಡಿ ಕೂರಿಸುವ ಬೋರಿಂಗ್ ಬಾರ್: 1.
(4) ಬೆಸುಗೆ ಕಾರ್ಬೈಡ್ ಟೂಲ್: ಪಿ30 ಒಂದು, ಕೆ20 ಒಂದು.
(5) ಸೆಂಟರ್ ಡ್ರಿಲ್ ಮತ್ತು ಅಗತ್ಯ ಅಳತೆಯ ಡ್ರಿಲ್‌ಗಳು.
(6) ಟೂಲ್ ಎತ್ತರ ಹೊಂದಿಸಲು ವಿವಿಧ ದಪ್ಪದ ತಗಡಿನ ಪಟ್ಟಿಗಳು.
(7) 150 ಮಿ.ಮೀ. ಚಕ್ರದ ಸಾಣೆ ಯಂತ್ರ, ಒಂದು ಎಣ್ಣೆಕಲ್ಲು, ಮರೆಯ ಕೋನ ನೋಡುವ ಗೇಜು.

ಹತ್ತಾರು ಟೂಲ್‌ಗಳಿರುವ ಪೆಟ್ಟಿಗೆ ಕಡಿಮೆ ಬೆಲೆಗೆ ದೊರೆಯುತ್ತದೆಂದು ಅದನ್ನು ಕೊಳ್ಳುವುದು ಲಾಭಕರವಲ್ಲ. ಅವುಗಳಲ್ಲಿ ಬಳಕೆಗೆ ಬರುವುದು ಎರಡು ಮೂರು ಮಾತ್ರ. ಉಳಿದ ಹಣವನ್ನು ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್‌ಗಳಂತಹ ಅಳತೆಯ ಸಾಧನಗಳಿಗೂ ಕಣ್ಣಿನ ರಕ್ಷಣೆಗೂ ಬಳಸುವುದು ಸೂಕ್ತ. ಇನ್ಸರ್ಟ್ ಹಿಡಿಕೆಗಳನ್ನು ಒಂದೇ ಬಗೆಯ ಕೆಲಸ ಹೆಚ್ಚಾಗಿ ಬರಲಾರಂಭಿಸಿದ ನಂತರ, ಯಂತ್ರದ ವೇಗ ಹೊಂದುವುದಾದರೆ ಮಾತ್ರ, ಕೊಳ್ಳಬಹುದು.

6. ಬೆಲೆಯನ್ನು ಲೆಕ್ಕ ಹಾಕುವ ಕ್ರಮ

ಟೂಲ್‌ನ ಅಂಗಡಿ ಬೆಲೆಗಿಂತ, ಒಂದು ಹರಿತಕ್ಕೆ ಎಷ್ಟು ಖರ್ಚಾಯಿತು ಎಂಬುದು ಮುಖ್ಯ. 100 ಮಿ.ಮೀ. ಉದ್ದದ ಹೈಸ್ಪೀಡ್ ಸ್ಟೀಲ್ ಕಡ್ಡಿಯಲ್ಲಿ ಹಿಡಿಯಲು ಬೇಕಾದ ಭಾಗ ಬಿಟ್ಟು ಸುಮಾರು 50 ಮಿ.ಮೀ. ಬಳಕೆಗೆ ದೊರೆಯುತ್ತದೆ. ಒಂದು ಸಾಣೆಗೆ ಅರ್ಧ ಮಿ.ಮೀ. ಸವೆದರೂ ಸುಮಾರು 100 ಬಾರಿ ಹರಿತಗೊಳಿಸಬಹುದು. ಸಿಸಿಎಂಟಿ ಬಿಲ್ಲೆಗೆ ದೊರೆಯುವುದು ಎರಡು ಮೂಲೆಗಳು ಮಾತ್ರ. ಆದರೆ ಸಾಣೆ ಹಿಡಿಯಲು ಸಮಯ ಬೇಕಾಗುವುದರಿಂದ, ದಿನಕ್ಕೆ ನೂರಾರು ಒಂದೇ ಬಗೆಯ ಭಾಗ ತಯಾರಿಸುವ ಕಾರ್ಖಾನೆಗೆ ಬಿಲ್ಲೆಯೇ ಅಗ್ಗವಾಗುತ್ತದೆ. ದಿನಕ್ಕೆ ನಾಲ್ಕಾರು ಬಗೆಯ ದುರಸ್ತಿ ಮಾಡುವ ಮನೆಯ ಯಂತ್ರಕ್ಕೆ ಕಡ್ಡಿಯೇ ಅಗ್ಗ.

ಗ್ರಾಮದಲ್ಲಿರುವವರು ಇನ್ನೊಂದು ಲೆಕ್ಕವನ್ನೂ ಸೇರಿಸಬೇಕು. ಕಬ್ಬು ಸಾಗಣೆಯ ದಿನಗಳಲ್ಲಿ ಬಿಲ್ಲೆ ಮುರಿದು, ಬದಲಿ ಇಲ್ಲದಿದ್ದರೆ ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಗೆ ಹೋಗಿ ಬರಲು ಒಂದು ದಿನ ವ್ಯರ್ಥವಾಗುತ್ತದೆ. ಆ ದಿನ ರೈತನ ಟ್ರೇಲರ್ ಕೂಡ ನಿಲ್ಲುತ್ತದೆ. ಸಾಣೆಯ ಯಂತ್ರ ಮನೆಯಲ್ಲಿದ್ದರೆ ಮೊಂಡಾದ ಕಡ್ಡಿ ಹತ್ತು ನಿಮಿಷಗಳಲ್ಲಿ ಕೆಲಸಕ್ಕೆ ಸಿದ್ಧವಾಗುತ್ತದೆ.

ಕಾರ್ಬೈಡಿನ ಮುಖ್ಯ ಘಟಕ ಟಂಗ್‌ಸ್ಟನ್. ಇದರ ಬಹುಪಾಲು ಉತ್ಪಾದನೆ ಚೀನಾದಲ್ಲಿ ನಡೆಯುತ್ತದೆ. 2025ರ ಫೆಬ್ರವರಿಯಲ್ಲಿ ಚೀನಾ ದೇಶವು ಟಂಗ್‌ಸ್ಟನ್ ಸಂಬಂಧಿತ ವಸ್ತುಗಳ ರಫ್ತಿಗೆ ನಿಯಂತ್ರಣ ವಿಧಿಸಿದ ನಂತರ ಬೆಲೆಗಳು ಏರಿದವು. ಆದ್ದರಿಂದ ಹಳೆಯ ದರಪಟ್ಟಿಯನ್ನು ನಂಬದೆ, ಎಷ್ಟು ದಿನ ಊರ್ಜಿತವೆಂದು ನಮೂದಿಸಿದ ಹೊಸ ದರಪಟ್ಟಿಯನ್ನೇ ಪಡೆಯತಕ್ಕದ್ದು. ಮುರಿದ ಕಾರ್ಬೈಡ್ ಚೂರುಗಳನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡಬೇಕು. ಅವುಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ.

7. ಖರೀದಿಯ ವೇಳೆ ಪರಿಶೀಲನೆ

(ಅ) ಹೈಸ್ಪೀಡ್ ಸ್ಟೀಲ್ ಎಂದು ಹೇಳಿ ಸಾದಾ ಉಕ್ಕನ್ನು ಮಾರಿದ್ದಲ್ಲಿ ಸಾಣೆಯ ಕಿಡಿಯಿಂದ ಪತ್ತೆ ಹಚ್ಚಬಹುದು. ಇಂಗಾಲದ ಉಕ್ಕಿನ ಕಿಡಿಗಳು ಬಿಳಿಯಾಗಿ ಚಿಮ್ಮಿ ನಕ್ಷತ್ರದಂತೆ ಒಡೆಯುತ್ತವೆ. ಹೈಸ್ಪೀಡ್ ಸ್ಟೀಲಿನ ಕಿಡಿಗಳು ಮಂಕಾಗಿ, ಕೆಂಪಾಗಿ, ವಿರಳವಾಗಿರುತ್ತವೆ.
(ಆ) ಕಾರ್ಬೈಡ್ ಕೈಗೆ ಭಾರವಾಗಿರುತ್ತದೆ. ಒಂದೇ ಗಾತ್ರದ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಗುತ್ತದೆ.
(ಇ) ಬೆಸುಗೆಯ ಟೂಲ್‌ನಲ್ಲಿ ತುಂಡು ಮತ್ತು ಹಿಡಿಕೆಯ ನಡುವೆ ಸಂದು ಇರಬಾರದು. ಹಿತ್ತಾಳೆಯ ಗೆರೆ ಸುತ್ತಲೂ ಕಾಣಬೇಕು.
(ಈ) ಕಾರ್ಖಾನೆಗಳಲ್ಲಿ ಬಳಸಿದ ಬಿಲ್ಲೆಗಳು ಅಗ್ಗವಾಗಿ ದೊರೆಯುತ್ತವೆ. ಪ್ರತಿಯೊಂದು ಮೂಲೆಯನ್ನೂ ಭೂತಗನ್ನಡಿಯಿಂದ ನೋಡಿ, ಬಳಸದ ಮೂಲೆ ಇದ್ದರೆ ಮಾತ್ರ ಕೊಳ್ಳಬೇಕು.
(ಉ) ಹಿಡಿಕೆಯ ಎತ್ತರ ತಮ್ಮ ಯಂತ್ರದ ಟೂಲ್ ಪೋಸ್ಟಿಗೆ ಹೊಂದುವುದೇ ಎಂದು ಅಳೆದುಕೊಂಡು ಹೋಗಬೇಕು. ಅಲಗಿನ ತುದಿ ಯಂತ್ರದ ಮಧ್ಯರೇಖೆಗಿಂತ ಮೇಲಾದರೆ ಕೆಳಗಿಳಿಸಲು ಸಾಧ್ಯವಾಗದು. ಕೆಳಗಿದ್ದರೆ ತಗಡಿನ ಪಟ್ಟಿಯಿಂದ ಏರಿಸಬಹುದು.
(ಊ) ಸರಕು ಮತ್ತು ಸೇವಾ ತೆರಿಗೆ ಸಹಿತವಾದ ಅಧಿಕೃತ ಬಿಲ್ಲನ್ನು ತಪ್ಪದೆ ಪಡೆಯಬೇಕು.

8. ಸಾಣೆ ಮತ್ತು ಸಂರಕ್ಷಣೆ

ಹೈಸ್ಪೀಡ್ ಸ್ಟೀಲನ್ನು ಸಾಮಾನ್ಯ ಬೂದು ಅಥವಾ ಬಿಳಿ ಚಕ್ರದಲ್ಲಿ ಸಾಣೆ ಹಿಡಿಯಬೇಕು. ಕೆಳಬದಿಯ ತೆರವು ಕೋನ 8ರಿಂದ 10 ಡಿಗ್ರಿ, ಸಾದಾ ಉಕ್ಕಿಗೆ ಮೇಲ್ಮೈಯ ಪಕ್ಕದ ಇಳಿಜಾರು 12ರಿಂದ 14 ಡಿಗ್ರಿ ಇರತಕ್ಕದ್ದು. ಬಿಸಿಯಾದಾಗ ನೀರಿನಲ್ಲಿ ಅದ್ದಬಹುದು. ಕಾರ್ಬೈಡನ್ನು ಬಿಸಿ ಇರುವಾಗ ನೀರಿನಲ್ಲಿ ಅದ್ದಬಾರದು. ಬಿರುಕು ಬಿಡುತ್ತದೆ. ಸಾಣೆಯ ನಂತರ ಎಣ್ಣೆಕಲ್ಲಿನಿಂದ ತುದಿಯನ್ನು ನಯಗೊಳಿಸಿದರೆ ಹರಿತ ಹೆಚ್ಚು ಕಾಲ ಉಳಿಯುತ್ತದೆ. ಸಾಣೆ ಕಲಿಯದವರು ಹೊಸ ಕಡ್ಡಿಯ ಬದಲು ಸಾದಾ ಉಕ್ಕಿನ ಚೌಕ ಸರಳಿನ ತುಂಡಿನಲ್ಲಿ ಮೊದಲು ಕೋನಗಳನ್ನು ಅಭ್ಯಾಸ ಮಾಡುವುದು ಒಳ್ಳೆಯದು.

9. ಸುರಕ್ಷತೆ

- ಯಂತ್ರ ಮತ್ತು ಸಾಣೆ ಎರಡರ ಮುಂದೆಯೂ ಕನ್ನಡಕ ಕಡ್ಡಾಯವಾಗಿ ಧರಿಸಬೇಕು.
- ಧೋತರ, ಶಲ್ಯ, ಸೀರೆಯ ಸೆರಗು, ಸಡಿಲ ತೋಳು, ಬಳೆ, ಉಂಗುರ, ಕೈಗವಸುಗಳೊಂದಿಗೆ ತಿರುಗುವ ಯಂತ್ರದ ಬಳಿ ನಿಲ್ಲಬಾರದು.
- ಚಕ್ಕಿನ ಕೀಲಿಯನ್ನು ತೆಗೆಯದೆ ಸ್ವಿಚ್ ಹಾಕಬಾರದು.
- ಸುರುಳಿಯಾಗಿ ಬರುವ ಲೋಹದ ಚೂರನ್ನು ಕೈಯಿಂದ ಎಳೆಯದೆ ಕೊಕ್ಕೆಯಿಂದ ತೆಗೆಯಬೇಕು.
- ಹಳೆಯ ಅರವನ್ನು ಸಾಣೆ ಹಿಡಿದು ಟೂಲ್ ಆಗಿ ಬಳಸಬಾರದು. ಅದು ಗಾಜಿನಂತೆ ಸಿಡಿಯುವ ಸಂಭವವಿದೆ.
- ಮನೆಯಲ್ಲಿ ಚಿಕ್ಕ ಮಕ್ಕಳಿದ್ದಲ್ಲಿ ಶೆಡ್ಡಿಗೆ ಬಾಗಿಲು ಮತ್ತು ಪ್ರತ್ಯೇಕ ಮುಖ್ಯ ಸ್ವಿಚ್ ಇರತಕ್ಕದ್ದು.

10. ನೆರವಿನ ಯೋಜನೆಗಳು

(ಅ) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯು ಆಧಾರ್ ಸಂಖ್ಯೆಯ ಆಧಾರದ ಮೇಲೆ ಸಂಪೂರ್ಣ ಉಚಿತವಾಗಿ ದೊರೆಯುತ್ತದೆ. ಸರ್ಕಾರಿ ಜಾಲತಾಣವನ್ನು ಹೋಲುವ ಖಾಸಗಿ ತಾಣಗಳಲ್ಲಿ ಹಣ ಪಾವತಿಸಿ ಮೋಸಹೋಗಬಾರದು.

(ಆ) ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯಡಿ 18 ಸಾಂಪ್ರದಾಯಿಕ ವೃತ್ತಿಗಳವರಿಗೆ ತರಬೇತಿ, 15,000 ರೂ.ವರೆಗಿನ ಉಪಕರಣ ಪ್ರೋತ್ಸಾಹಧನ, ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂ.ವರೆಗಿನ ಸಾಲದ ಅವಕಾಶವಿದೆ. ಲೇತ್ ಟರ್ನರ್ ವೃತ್ತಿಯನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೆಸರಿಸಿಲ್ಲ. ಕಮ್ಮಾರ, ಬೀಗ ತಯಾರಕ, ಸುತ್ತಿಗೆ ಮತ್ತು ಉಪಕರಣ ತಯಾರಕ ವೃತ್ತಿಗಳು ಪಟ್ಟಿಯಲ್ಲಿವೆ. ವಾಸ್ತವವಾಗಿ ಆ ವೃತ್ತಿಯಲ್ಲಿರುವವರು ಮಾತ್ರ ಅದರಡಿ ಅರ್ಜಿ ಸಲ್ಲಿಸತಕ್ಕದ್ದು. ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ನೋಂದಣಿ ನಡೆಯುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ.

(ಇ) ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ: 2008ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು 2022ರಲ್ಲಿ ಪರಿಷ್ಕರಿಸಿ 2025-26ನೇ ಸಾಲಿನವರೆಗೆ ಮುಂದುವರಿಸಲಾಯಿತು. ಪರಿಷ್ಕೃತ ನಿಯಮಗಳಂತೆ ಗ್ರಾಮೀಣ ಪ್ರದೇಶದ ಹೊಸ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 25, ವಿಶೇಷ ವರ್ಗದವರಿಗೆ ಶೇ. 35 ಸಹಾಯಧನ ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವ ಮುನ್ನ ಸದ್ಯ ಅನ್ವಯವಾಗುವ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

(ಈ) ತರಬೇತಿ: 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಬೆಳಗಾವಿಯಲ್ಲಿಯೂ ಕೇಂದ್ರವನ್ನು ಹೊಂದಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಟರ್ನರ್ ಮತ್ತು ಫಿಟ್ಟರ್ ವಿಭಾಗಗಳಲ್ಲಿ ಟೂಲ್ ಸಾಣೆ ಹಿಡಿಯುವುದನ್ನು ಕಲಿಸಲಾಗುತ್ತದೆ.

(ಉ) ವಿದ್ಯುತ್: ಮನೆಯ ಸಂಪರ್ಕದಿಂದಲೇ ವ್ಯಾಪಾರಿ ಉದ್ದೇಶದ ಯಂತ್ರ ನಡೆಸುವ ಮೊದಲು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಯನ್ನು ಸಂಪರ್ಕಿಸಿ ಸೂಕ್ತ ಸಂಪರ್ಕ ಪಡೆಯತಕ್ಕದ್ದು.

11. ಅರ್ಜಿದಾರರಿಗೆ ಸೂಚನೆ

ಸಾಲದ ಅರ್ಜಿಗೆ ಲಗತ್ತಿಸುವ ಯೋಜನಾ ವರದಿಯಲ್ಲಿ ಯಂತ್ರದ ಬೆಲೆಯ ಜೊತೆಗೆ ಟೂಲ್, ಸಾಣೆ ಯಂತ್ರ ಮತ್ತು ಅಳತೆಯ ಸಾಧನಗಳನ್ನು ಪ್ರತ್ಯೇಕ ಬಾಬ್ತಾಗಿ ತೋರಿಸಬೇಕು. ನಂತರ ಇದಕ್ಕಾಗಿ ಕೈಸಾಲ ಮಾಡುವ ಪ್ರಸಂಗ ಬರಬಾರದು. ದರಪಟ್ಟಿಯಲ್ಲಿ "ಟೂಲ್ ಸೆಟ್" ಎಂದು ಒಟ್ಟಾರೆ ಬರೆಯಿಸದೆ, ಪ್ರತಿಯೊಂದು ಟೂಲ್‌ನ ವಿಧ, ದರ್ಜೆ, ಅಳತೆ ಮತ್ತು ಸಂಖ್ಯೆಯನ್ನು ನಮೂದಿಸುವಂತೆ ಮಾರಾಟಗಾರರನ್ನು ಕೇಳಬೇಕು. ಹೀಗೆ ಮಾಡಿದಲ್ಲಿ ಎರಡು ಮೂರು ಅಂಗಡಿಗಳ ದರಗಳನ್ನು ಹೋಲಿಸುವುದು ಸುಲಭವಾಗುತ್ತದೆ ಮತ್ತು ಸರಕು ಬಂದಾಗ ಪರಿಶೀಲಿಸಿ ಪಡೆಯಲು ಆಧಾರ ದೊರೆಯುತ್ತದೆ.

ಮೊದಲು ಕೆಲಸದ ಪಟ್ಟಿ, ಎರಡನೆಯದಾಗಿ ಯಂತ್ರದ ವೇಗ ಮತ್ತು ಶಕ್ತಿ, ಕೊನೆಯಲ್ಲಿ ಟೂಲ್ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಅಲ್ಪ ಬಂಡವಾಳದಲ್ಲಿಯೇ ಕೆಲಸ ಆರಂಭಿಸಬಹುದಾಗಿದೆ. ಹೆಚ್ಚಿನ ಮಾಹಿತಿಗಾಗಿ ಅರ್ಜಿದಾರರು ಕಚೇರಿಯ ವೇಳೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.